ಹಳೆ ಕಾರಿಗೆ ವಾರಂಟಿ: ದುಡ್ಡು ಕೊಡುವ ಮೊದಲು

ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯಲ್ಲಿ ಬೆಲೆ ಕುದುರಿದ ಮೇಲೆ ಎರಡನೆಯ ವ್ಯಾಪಾರ ಶುರುವಾಗುತ್ತದೆ. ಚಾ ಬರುತ್ತದೆ, ಅದರೊಂದಿಗೆ ಬಣ್ಣದ ಒಂದು ಹಾಳೆಯೂ ಬರುತ್ತದೆ. "ಒಂದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಬಿಡುವ, ಮತ್ತೆ ನಿಮಗೆ ತಲೆಬಿಸಿಯೇ ಇಲ್ಲ" ಎನ್ನುತ್ತಾರೆ. ನಾಲ್ಕು ಲಕ್ಷಕ್ಕೆ ಒಪ್ಪಿಕೊಂಡವರ ಕಣ್ಣಿಗೆ ಆ ಹೊತ್ತಿನಲ್ಲಿ ಹದಿನೇಳು ಸಾವಿರ ದೊಡ್ಡದಾಗಿ ಕಾಣುವುದಿಲ್ಲ. ಅದೇ ಹದಿನೇಳು ಸಾವಿರವನ್ನು ಬೇರೆ ದಿನ ಬೇರೆ ಕಡೆ ಕೇಳಿದ್ದರೆ ಮನೆಯಲ್ಲಿ ಎರಡು ದಿನ ಚರ್ಚೆ ಆಗುತ್ತಿತ್ತು.

ಬೆಳುವಾಯಿಯಿಂದ ಮೂಡುಬಿದಿರೆಗೆ ದಿನಾ ಕೆಲಸಕ್ಕೆ ಹೋಗಿಬರಲು, ಮಳೆಗಾಲದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ನಾನು ಆರು ವರ್ಷ ಹಳೆಯದಾದ ಒಂದು ಪೆಟ್ರೋಲ್ ಕಾರು ಕೊಂಡೆ. ಸಣ್ಣ ಕಾರು, ಮ್ಯಾನುವಲ್ ಗೇರು, ಓಡಿದ್ದು 52,000 ಕಿಲೋಮೀಟರು, ಬೆಲೆ 4.10 ಲಕ್ಷ. ವಾರಂಟಿಗೆ ಕೇಳಿದ್ದು 14,900 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 17,582. ನಾನು ಬಣ್ಣದ ಹಾಳೆಯನ್ನು ಬದಿಗಿಟ್ಟು ಷರತ್ತುಗಳ ಪುಸ್ತಕ ಕೇಳಿದೆ. ಅದನ್ನು ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ಬಾಯಿಮಾತು ಪೂರ್ತಿ ತುಳುವಿನಲ್ಲಿ, ಆತ್ಮೀಯವಾಗಿ ನಡೆದಿತ್ತು. ಪುಸ್ತಕ ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿತ್ತು. ಮನೆಗೆ ತಂದು ಓದಿದೆ.

ಇಂಜಿನಿನ ಒಳಭಾಗಗಳು, ಗೇರ್‌ಬಾಕ್ಸ್, ಸ್ಟಾರ್ಟರ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಸ್ಟೀರಿಂಗ್ ಮೋಟಾರು, ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ, ಇಷ್ಟು ಒಳಗಿದ್ದವು. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರು, ಬ್ಯಾಟರಿ, ಸಸ್ಪೆನ್ಷನ್ನಿನ ಬುಷ್ ಮತ್ತು ಲಿಂಕ್ ರಾಡ್, ಬೆಲ್ಟು, ರಬ್ಬರ್ ಪೈಪು, ಬಲ್ಬು, ತುಕ್ಕು, ಇಲಿ ಕಡಿದ ವೈರು ಹೊರಗೆ. ಕೊಳ್ಳುವ ಮೊದಲೇ ಇದ್ದ ದೋಷಕ್ಕೂ ವಾರಂಟಿ ಇಲ್ಲ. ಮೊದಲ ಮೂವತ್ತು ದಿನ ಕ್ಲೇಮು ಮಾಡುವಂತಿಲ್ಲ. ಸರ್ವಿಸ್ಸನ್ನು ಅವರು ಒಪ್ಪಿದ ವರ್ಕ್‌ಶಾಪಿನಲ್ಲೇ, ಹೇಳಿದ ಕಿಲೋಮೀಟರಿಗೆ ಸರಿಯಾಗಿ ಮಾಡಿಸಬೇಕು. ದೋಷ ಹುಡುಕಲು ಇಂಜಿನ್ ಬಿಚ್ಚಿದರೆ, ಕ್ಲೇಮು ಒಪ್ಪಿಗೆಯಾಗದಿದ್ದಲ್ಲಿ, ಬಿಚ್ಚಿದ ಕೂಲಿಯನ್ನೂ ನಾವೇ ಕೊಡಬೇಕು.

ಇದನ್ನು ನಮ್ಮ ರಸ್ತೆಯ ಪಕ್ಕ ಇಟ್ಟು ನೋಡಿ. ಮಂಗಳೂರಿನ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 169ರ ಚತುಷ್ಪಥ ಕಾಮಗಾರಿ ನಡೆದ ವರ್ಷಗಳಲ್ಲಿ ಈ ದಾರಿಯಲ್ಲಿ ಓಡಿದ ಕಾರುಗಳಿಗೆ ಏನು ಹೋಗಿದೆ ಎಂದು ಯಾವ ಗ್ಯಾರೇಜಿನಲ್ಲಿ ಬೇಕಾದರೂ ಕೇಳಿ. ಬುಷ್, ಲಿಂಕ್ ರಾಡ್, ಟಯರು. ಕರಾವಳಿಯ ಮಳೆ ಮತ್ತು ಉಪ್ಪು ಗಾಳಿಗೆ ಅಡಿಭಾಗಕ್ಕೆ ತುಕ್ಕು. ತೋಟದ ಬದಿಯಲ್ಲಿ ನಿಲ್ಲಿಸಿದ ಕಾರಿಗೆ ಇಲಿ. ನಮ್ಮಲ್ಲಿ ಹೆಚ್ಚಾಗಿ ಕೆಡುವುದೆಲ್ಲ ಹೊರಗಿಟ್ಟ ಪಟ್ಟಿಯಲ್ಲೇ ಇದೆ. ನಂಬಿಕೆಯ ಮೆಕ್ಯಾನಿಕ್ ಒಬ್ಬರು ಕಾರನ್ನು ಲಿಫ್ಟಿಗೆ ಏರಿಸಿ, ಸ್ಕ್ಯಾನರ್ ಹಾಕಿ ನೋಡಿ ಹೇಳಿದ್ದೂ ಇದನ್ನೇ: "ಇಂಜಿನ್ ಒಳ್ಳೆದುಂಟು ಮಾರಾಯ್ರೆ. ಇದರಲ್ಲಿ ಹೋಗುವುದಕ್ಕೆಲ್ಲ ಅವರು ಕೊಡುವುದಿಲ್ಲ, ಅವರು ಕೊಡುವಂಥದ್ದು ಇದರಲ್ಲಿ ಸದ್ಯಕ್ಕೆ ಹೋಗುವುದಿಲ್ಲ."

ಮಾತು ಚೆನ್ನಾಗಿತ್ತು, ಆದರೂ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು ಅನಿಸಿತು. ಈ ಕಾರಿನಲ್ಲಿ ವಾರಂಟಿಯೊಳಗೆ ಬರುವ ದೊಡ್ಡ ರಿಪೇರಿ ಎಂದರೆ ಸ್ಟೀರಿಂಗ್ ಮೋಟಾರಿನದು. ಮೆಕ್ಯಾನಿಕ್ಕರ ಅಂದಾಜಿನಲ್ಲಿ ಖರ್ಚು ಹೆಚ್ಚೆಂದರೆ 40,000. ಅದಕ್ಕೆ ನಾನು 17,582 ಕೊಡಬೇಕು. ಅಂದರೆ ಇಂಥದ್ದೊಂದು ದೊಡ್ಡ ದೋಷ ಆ ಒಂದೇ ವರ್ಷದೊಳಗೆ ಬರುವ ಸಾಧ್ಯತೆ ನೂರಕ್ಕೆ ನಲವತ್ತನಾಲ್ಕಾದರೂ ಇದ್ದರೆ ಮಾತ್ರ ಕೊಟ್ಟ ದುಡ್ಡು ಸರಿಹೊಂದುತ್ತದೆ. ಅಷ್ಟು ಅಪಾಯ ಇರುವ ಕಾರಾದರೆ ಅದಕ್ಕೆ ವಾರಂಟಿ ಹಾಕಿಸುವುದಲ್ಲ, ಅದನ್ನು ಕೊಳ್ಳಲೇಬಾರದು. ನಾನು ಕಾರು ತೆಗೆದುಕೊಂಡೆ, ವಾರಂಟಿ ಬಿಟ್ಟೆ.

ಅರ್ಥಶಾಸ್ತ್ರದಲ್ಲಿ ಹಳೆ ಕಾರಿಗೆ ಒಂದು ದೊಡ್ಡ ಜಾಗವಿದೆ. 1970ರಲ್ಲಿ ಅಮೆರಿಕದ ಜಾರ್ಜ್ ಅಕರ್ಲಾಫ್ ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ಹಿಂದಕ್ಕೆ ಕಳಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆ ಹೇಳುತ್ತಾನೆ, ಒಳ್ಳೆಯ ಕಾರು ಇದ್ದವರು ಮಾರಾಟಕ್ಕೆ ತರುವುದನ್ನೇ ಬಿಡುತ್ತಾರೆ, ಸಂತೆಯಲ್ಲಿ ಉಳಿಯುವುದು ಕೆಟ್ಟ ಕಾರು. ಅಕರ್ಲಾಫ್ ಈ ಪ್ರಬಂಧ ಪ್ರಕಟವಾಗುವ ಮುಂಚೆ ಭಾರತದಲ್ಲಿ ಇದ್ದುಹೋದವರು. ಬೇಕೆಂದೇ ಬೆರೆಸಿದ, ಅಕ್ಕಿಯ ಬಣ್ಣವೇ ಇರುವ ಕಲ್ಲನ್ನು ಇಲ್ಲಿನ ಹೆಂಗಸರು ಆರಿಸುತ್ತಾ ಕೂರಬೇಕಾದ ಕಷ್ಟವನ್ನೂ ಆ ಪ್ರಬಂಧದಲ್ಲಿ ಸೇರಿಸಿದ್ದಾರೆ. ಈ ರೋಗಕ್ಕೆ ಅವರು ಹೇಳಿದ ಮದ್ದುಗಳಲ್ಲಿ ಗ್ಯಾರಂಟಿಯೂ ಒಂದು. ಕೆಟ್ಟರೆ ನಷ್ಟ ಮಾರಿದವನದ್ದೇ ಎಂದಾದರೆ ಅವನು ಕೆಟ್ಟ ಕಾರನ್ನು ಮಾರಲು ಹಿಂಜರಿಯುತ್ತಾನೆ.

ನಾನು ಒತ್ತಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಮಾರುವವನು ಕಾರಿನ ಬೆಲೆಯೊಳಗೆ ತಾನೇ ಸೇರಿಸಿ ಕೊಡುವ ವಾರಂಟಿ ಬೇರೆ, ನಮ್ಮಿಂದ ಬೇರೆ ದುಡ್ಡು ಪಡೆದು ಮೂರನೆಯವರಿಂದ ಕೊಡಿಸುವ ವಾರಂಟಿ ಬೇರೆ. ಮೊದಲನೆಯದರಲ್ಲಿ ಕಾರು ಕೆಟ್ಟರೆ ಅವನ ಜೇಬಿಗೆ ಕತ್ತರಿ ಬೀಳುತ್ತದೆ, ಆದ್ದರಿಂದ ಆ ವಾರಂಟಿ ಕಾರಿನ ಬಗ್ಗೆ ನಮಗೆ ಏನನ್ನೋ ತಿಳಿಸುತ್ತದೆ. ಎರಡನೆಯದರಲ್ಲಿ ಅವನಿಗೆ ಕಮಿಷನ್ ಸಿಕ್ಕಿರುತ್ತದೆ, ಕಾರು ಕೆಟ್ಟರೆ ಅವನಿಗೆ ನಷ್ಟವಿಲ್ಲ. ಆ ಕಾಗದ ಕಾರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾರುತಿಯ ಟ್ರೂ ವ್ಯಾಲ್ಯೂ 2001ರಲ್ಲಿ ಶುರುವಾಯಿತು. ಅಲ್ಲಿ ತಪಾಸಣೆ ಮಾಡಿ ಸರ್ಟಿಫೈ ಮಾಡಿದ ಕಾರುಗಳಿಗೆ ಒಂದು ವರ್ಷದವರೆಗಿನ ವಾರಂಟಿ, ಮೂರು ಉಚಿತ ಸರ್ವಿಸ್ ಸೇರಿಸಿ ಕೊಡುತ್ತಾರೆ. ಅಂಥ ಕಾರಿಗೆ ಬೆಲೆ ತುಸು ಹೆಚ್ಚಿರುತ್ತದೆ. ಆದರೆ ಆ ಹೆಚ್ಚಿನ ಬೆಲೆಗೆ ಅರ್ಥವಿದೆ.

ಕಾರು ತಯಾರಿಸಿದ ಕಂಪೆನಿಯೇ ಕೊಟ್ಟ ವಾರಂಟಿ ಇನ್ನೂ ಒಳ್ಳೆಯದು. 2024ರ ಜುಲೈಯಿಂದ ಮಾರುತಿ ತನ್ನ ಹೊಸ ಕಾರುಗಳ ವಾರಂಟಿಯನ್ನು ಎರಡು ವರ್ಷ ಅಥವಾ 40,000 ಕಿಲೋಮೀಟರಿನಿಂದ ಮೂರು ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿತು. ಮೊದಲ ಮಾಲೀಕರು ದುಡ್ಡು ಕೊಟ್ಟು ಅದನ್ನು ಮುಂದುವರಿಸಿಯೂ ಇರಬಹುದು. ಆರ್‌ಸಿ ಹೆಸರು ಬದಲಾದ ಮೇಲೆ ಸಾಮಾನ್ಯವಾಗಿ ಉಳಿದ ಅವಧಿ ಹೊಸಬರಿಗೆ ಬರುತ್ತದೆ. ಎರಡು ಮೂರು ವರ್ಷದ ಕಾರು ನೋಡುವವರು ಮೊದಲು ಇದನ್ನೇ ವಿಚಾರಿಸಬೇಕು. ಇದ್ದ ವಾರಂಟಿಯ ಮೇಲೆ ಇನ್ನೊಂದನ್ನು ಕೊಂಡವರನ್ನು ನಾನು ಕಂಡಿದ್ದೇನೆ.

ಹಾಗಾದರೆ ವಾರಂಟಿ ಯಾರಿಗೂ ಬೇಡವೇ? ಬೇಕು. ನನ್ನ ತಂಗಿಗೆ ನಾನೇ ಹಾಕಿಸಿಕೊಟ್ಟೆ. ಅವಳದು ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾರು. ಅದರ ಗೇರ್‌ಬಾಕ್ಸ್ ಕೆಟ್ಟರೆ ಒಂದೂವರೆ ಲಕ್ಷದ ಮಾತು, ಬಿಚ್ಚಿ ಸರಿಮಾಡಬಲ್ಲವರು ನಮ್ಮ ಸುತ್ತಮುತ್ತ ಸಿಗುವುದಿಲ್ಲ. ಇಬ್ಬರು ಮಕ್ಕಳ ಫೀಸು, ಮನೆಸಾಲ ಇರುವ ಸಂಸಾರ ಅಷ್ಟು ದುಡ್ಡನ್ನು ಒಂದೇ ವಾರದಲ್ಲಿ ಹೊಂದಿಸಲಾರದು. ಕಂಪೆನಿಯದೇ ಎರಡು ವರ್ಷದ ವಾರಂಟಿಗೆ ಎಲ್ಲ ಸೇರಿ 26,000 ಆಯಿತು. ಈವರೆಗೆ ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಆದರೂ ಆ ದುಡ್ಡು ದಂಡವಾಯಿತು ಎಂದು ನಾನು ಹೇಳುವುದಿಲ್ಲ. ನಮ್ಮಿಂದ ತಡೆದುಕೊಳ್ಳಲಾಗದ ನಷ್ಟಕ್ಕೆ ದುಡ್ಡು ಕೊಟ್ಟು ರಕ್ಷಣೆ ಪಡೆಯುವುದು ಸರಿಯಾದ ಖರ್ಚು. ಕಾಮನ್ ರೇಲ್ ಡೀಸೆಲ್ ಇಂಜಿನಿನ ಇಂಜೆಕ್ಟರ್, ಟರ್ಬೊ ಇರುವ ಕಾರುಗಳಿಗೂ ಇದೇ ಮಾತು. ಕಾರು ಹೆಚ್ಚು ಓಡಿದ್ದು, ಸರ್ವಿಸ್ ದಾಖಲೆ ಅರ್ಧಂಬರ್ಧ ಇದ್ದರೆ ಮಾತ್ರ ಕ್ಲೇಮಿನ ಹೊತ್ತಿನಲ್ಲಿ "ಮೊದಲೇ ಇದ್ದ ದೋಷ" ಎಂಬ ಉತ್ತರಕ್ಕೆ ತಯಾರಾಗಿರಬೇಕು.

ಮಳೆಗಾಲದ ಬಗ್ಗೆ ಒಂದು ಮಾತು. ಮಂಗಳೂರಿನ ಪಂಪ್‌ವೆಲ್‌ನಲ್ಲೋ ಕೊಟ್ಟಾರ ಚೌಕಿಯಲ್ಲೋ ನೀರು ನಿಂತಾಗ ಇಂಜಿನಿನೊಳಗೆ ನೀರು ಹೊಕ್ಕರೆ ಈ ವಾರಂಟಿಗಳು ಕೆಲಸಕ್ಕೆ ಬಾರವು. ಅದು ವಿಮೆಗೆ ಸೇರಿದ ವಿಷಯ. ಮಾಮೂಲಿ ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲೂ ನೀರಿನಲ್ಲಿ ಆಫ್ ಆದ ಕಾರನ್ನು ಪುನಃ ಸ್ಟಾರ್ಟ್ ಮಾಡಿ ಇಂಜಿನ್ ಹಾಳಾದರೆ ಕ್ಲೇಮು ತಿರಸ್ಕಾರವಾಗುತ್ತದೆ. ಅದಕ್ಕೆಂದೇ ಇಂಜಿನ್ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಇದೆ. ನಮ್ಮ ಜಿಲ್ಲೆಯವರಿಗೆ ವಾರಂಟಿಗಿಂತ ಮೊದಲು ನಾನು ಹೇಳುವುದು ಅದನ್ನು. ಹಳೆ ಕಾರಿನೊಂದಿಗೆ ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ, ಪ್ರೀಮಿಯಂ ಸ್ವಲ್ಪ ಏರುತ್ತದೆ. ಆ ಖರ್ಚನ್ನು ಕಾರಿನ ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ವಾರಂಟಿಗೆ ಕೊಡದ ದುಡ್ಡನ್ನು ನಾನು ಪಿಗ್ಮಿಗೆ ಹಾಕಿದೆ. ಈ ಊರಿನವರಿಗೆ ಪಿಗ್ಮಿಯನ್ನು ವಿವರಿಸಬೇಕಾಗಿಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸಲು ಶುರು ಮಾಡಿದ ಉಳಿತಾಯ ಅದು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಪಿಗ್ಮಿ ಸಂಗ್ರಹಿಸುವವರು ಸಹಕಾರಿ ಸಂಘಗಳಿಂದ ಇಂದಿಗೂ ಅಂಗಡಿ ಅಂಗಡಿಗೆ ಬರುತ್ತಾರೆ. ದಿನಕ್ಕೆ 50 ರೂಪಾಯಿಯಂತೆ ವರ್ಷಕ್ಕೆ 18,250. ಹೆಚ್ಚುಕಡಿಮೆ ವಾರಂಟಿಯ ಬೆಲೆಯೇ. ಬಡ್ಡಿ ಕಡಿಮೆ ಎನ್ನುವುದು ನಿಜ, ಬಡ್ಡಿಯೇ ಮುಖ್ಯವಾದರೆ ಆರ್‌ಡಿ ಮಾಡಿ. ನನಗೆ ಬೇಕಿದ್ದದ್ದು ಕಾರಿಗೆಂದೇ ಮೀಸಲಾದ, ಬೇರೆ ಖರ್ಚಿಗೆ ಕೈ ಹೋಗದ ಹಣ.

ಮೊದಲ ವರ್ಷ ಕಾರಿಗೆ ತಗಲಿದ ರಿಪೇರಿ: ಮುಂದಿನ ಬುಷ್ ಮತ್ತು ಲಿಂಕ್ ರಾಡ್ 6,800, ಬ್ಯಾಟರಿ 5,400, ಇಲಿ ಕಡಿದ ವೈರಿಂಗ್ 3,200. ಒಟ್ಟು 15,400. ವಾರಂಟಿ ಇದ್ದಿದ್ದರೆ ಇದರಲ್ಲಿ ಒಂದು ರೂಪಾಯಿಯೂ ವಾಪಸು ಬರುತ್ತಿರಲಿಲ್ಲ, ಜೊತೆಗೆ ಪ್ರತಿ ಸರ್ವಿಸ್ಸಿಗೂ ಕಾರನ್ನು ಮಂಗಳೂರಿಗೆ ಒಯ್ಯಬೇಕಿತ್ತು. ಒಬ್ಬರ ಒಂದು ವರ್ಷದ ಅನುಭವದಿಂದ ಏನನ್ನೂ ಸಿದ್ಧ ಮಾಡಲಾಗದು. ಅದೇ ವರ್ಷ ಸ್ಟೀರಿಂಗ್ ಮೋಟಾರು ಹೋಗಿದ್ದರೂ ನನ್ನ ಲೆಕ್ಕ ಇದೇ ಆಗಿರುತ್ತಿತ್ತು.

ಕೊಳ್ಳಲು ಹೊರಟವರಿಗೆ ನನ್ನ ಕೋರಿಕೆ ಇಷ್ಟು. ವಾರಂಟಿಯ ದುಡ್ಡಿನಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲು ಸ್ವತಂತ್ರ ಮೆಕ್ಯಾನಿಕ್ಕಿಗೆ ಕೊಟ್ಟು ಕಾರನ್ನು ಲಿಫ್ಟಿನ ಮೇಲೆ ನೋಡಿಸಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ನೆರೆನೀರಿನಲ್ಲಿ ನಿಂತ ಕಾರಾದರೆ ಕೆಸರಿನ ಗುರುತು ಅಲ್ಲಿ ಉಳಿದಿರುತ್ತದೆ. ವಾರಂಟಿ ಬೇಕೆನಿಸಿದರೆ ಷರತ್ತಿನ ಪುಸ್ತಕವನ್ನು ದುಡ್ಡು ಕೊಡುವ ಮೊದಲೇ ಮನೆಗೆ ತನ್ನಿ, ಬಾಯಲ್ಲಿ ಹೇಳಿದ ಭರವಸೆಯನ್ನು ಬಿಲ್ಲಿನ ಮೇಲೆ ಬರೆಸಿ ಮೊಹರು ಹಾಕಿಸಿ. ಕೊಟ್ಟ ಮಾತಿಗೆ ತಪ್ಪಿದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗವಿದೆ. ಎರಡು ವರ್ಷದೊಳಗೆ ಹೋಗಬೇಕು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ.