ಒತ್ತಕ್ಷರ ಉದುರಬಾರದು: ಕನ್ನಡ ಸ್ಟಿಕರ್‌ಗೆ ಕಟ್ ಲೈನ್ ಹಾಕೋದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಹೆಸರುಗಳನ್ನು ದೊಡ್ಡದಾಗಿ ಟೈಪ್ ಮಾಡಿ ನೋಡಿ. ಒತ್ತಕ್ಷರ ಇರೋದು ಚನ್ನಪಟ್ಟಣದಲ್ಲಿ ಮಾತ್ರ, ಅದೂ ಎರಡು. ಹೆಚ್ಚಿನ ಫಾಂಟ್‌ಗಳಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗದೆ ಕೆಳಗೆ ಬೇರೆಯಾಗಿ ನಿಂತಿರುತ್ತದೆ. ಕಣ್ಣಿಗೆ ಅದು ಒಂದೇ ಪದ. ಕತ್ತರಿಸುವ ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ತುಂಡುಗಳು. ಸ್ಟಿಕರ್ ಬಿಡಿಸುವಾಗ ಆ ಎರಡು ಚೂರು ಹಾಳೆಯಲ್ಲೇ ಉಳಿದರೆ ನಿಮ್ಮ ಕೈಗೆ ಬರೋದು 'ಚನಪಟಣ'!

ಹಾಲೆ ಮರ, ಅರಗಿನ ಬಣ್ಣದ ಆಟಿಕೆಯಿಂದ ಜಿಐ ಮಾನ್ಯತೆ ಪಡೆದ ಊರಿನ ಹೆಸರು ಅದು. ಪೆಟ್ಟಿಗೆಯ ಮೇಲಿನ ಲೇಬಲ್‌ನಲ್ಲಿ ಆ ಹೆಸರೇ ತಪ್ಪಾದರೆ ಹೇಗೆ? ಪರಿಹಾರ ಸುಲಭ: ಇಡೀ ಪದದ ಸುತ್ತ ಒಂದೇ ಹೊರಗೆರೆ ಎಳೆಯಬೇಕು. ಇಂಕ್‌ಸ್ಕೇಪ್ ಉಚಿತ ತಂತ್ರಾಂಶ, ಅದರಲ್ಲೇ ಮಾಡೋಣ.

1. ಅಕ್ಷರವನ್ನು ಆಕಾರ ಮಾಡಿ. ಪದವನ್ನು ಸೆಲೆಕ್ಟ್ ಮಾಡಿ ಪಾತ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಕೊಡಿ. ಆಮೇಲೆ ಅನ್‌ಗ್ರೂಪ್ ಮಾಡಿ 'ಯೂನಿಯನ್' ಕೊಡಿ. ಇನ್ನು ಕಾಗುಣಿತ ತಿದ್ದೋಕೆ ಆಗಲ್ಲ, ಅದಕ್ಕೆ ಮೊದಲೇ ಓದಿಕೊಳ್ಳಿ. ಲಾಭ ಏನು ಅಂದ್ರೆ, ಪ್ರಿಂಟ್ ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡಲ್ಲ.

2. ನಕಲು ಮಾಡಿ. ಕಂಟ್ರೋಲ್-ಡಿ ಒತ್ತಿ. ಒಂದು ಪ್ರತಿ ಮುದ್ರಣಕ್ಕೆ, ಇನ್ನೊಂದು ಕಟ್ ಲೈನ್‌ಗೆ.

3. ಅಂತರ ಅಳೆಯಿರಿ. ಒತ್ತಿಗೂ ಅಕ್ಷರಕ್ಕೂ ನಡುವೆ 1.6 ಮಿ.ಮೀ. ಇದೆ ಅನ್ನಿ. ಹಿಗ್ಗಿಸಿದಾಗ ಎರಡೂ ಕಡೆಯಿಂದ ಗೆರೆ ಮುಂದೆ ಬರುತ್ತದೆ. ಹಾಗಾಗಿ 0.8 ಮಿ.ಮೀ. ಹಿಗ್ಗಿಸಿದರೆ ಬರೀ ತಾಗುತ್ತವೆ, ಅಂಥ ಕಡೆ ಸ್ಟಿಕರ್ ಹರಿಯುತ್ತದೆ. 1.5 ಮಿ.ಮೀ. ಹಿಗ್ಗಿಸಿದರೆ 3 - 1.6 = 1.4 ಮಿ.ಮೀ. ಒಂದರ ಮೇಲೊಂದು ಕೂರುತ್ತವೆ. ನಿಯಮ ಇಷ್ಟೇ: ಅಂತರದ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಹಿಗ್ಗಿಸಿ. ಅಕ್ಷರ ಅಕ್ಷರದ ನಡುವಿನ ಜಾಗಕ್ಕೂ ಇದೇ ಲೆಕ್ಕ. ಒತ್ತಿಲ್ಲದ ರಾಮನಗರಕ್ಕೂ ಅದಕ್ಕೇ ಇದು ಬೇಕು.

4. ಹಿಗ್ಗಿಸಿ, ಕುಗ್ಗಿಸಿ. ಪ್ರಿಫರೆನ್ಸಸ್‌ನ 'ಸ್ಟೆಪ್ಸ್' ಪುಟದಲ್ಲಿ ಇನ್‌ಸೆಟ್/ಔಟ್‌ಸೆಟ್ ಅಳತೆಯನ್ನು 1.5 ಮಿ.ಮೀ. ಮಾಡಿ. ಸ್ಟ್ರೋಕ್ ಸ್ಟೈಲ್‌ನಲ್ಲಿ ಜಾಯಿನ್ ಅನ್ನು 'ರೌಂಡ್' ಮಾಡಿ, ಇಲ್ಲದಿದ್ದರೆ ಮೂಲೆಗಳು ಮುಳ್ಳಿನ ಹಾಗೆ ಚೂಪಾಗಬಹುದು. ಈಗ 'ಔಟ್‌ಸೆಟ್' ಎರಡು ಸಲ, 'ಇನ್‌ಸೆಟ್' ಒಂದು ಸಲ. ಉಳಿಯೋದು 1.5 ಮಿ.ಮೀ. ಅಂಚೇ, ಆದರೆ ನಡುವಿನ ಸಣ್ಣ ಸಂದುಗಳು ತುಂಬಿಕೊಂಡಿರುತ್ತವೆ. ಇಮೇಜ್ ಪ್ರಾಸೆಸಿಂಗ್ ಓದಿದವರಿಗೆ ಗೊತ್ತು, ಇದು 'ಕ್ಲೋಸಿಂಗ್'.

5. ಒಳಗಿನ ತೂತು ತೆಗೆಯಿರಿ. 'ಬ್ರೇಕ್ ಅಪಾರ್ಟ್' ಕೊಟ್ಟು, ಎಲ್ಲ ತುಂಡುಗಳೂ ಸೆಲೆಕ್ಟ್ ಆಗಿರುವಾಗಲೇ 'ಯೂನಿಯನ್' ಕೊಡಿ. ಅಕ್ಷರದ ಹೊಟ್ಟೆಯೊಳಗಿನ ಗೆರೆಗಳು ಮಾಯ.

6. ಎಣಿಸಿ. ಮತ್ತೆ ಒಮ್ಮೆ 'ಬ್ರೇಕ್ ಅಪಾರ್ಟ್' ಮಾಡಿ, ಕೆಳಗಿನ ಪಟ್ಟಿಯಲ್ಲಿ ಎಷ್ಟು ಆಬ್ಜೆಕ್ಟ್ ಅಂತ ನೋಡಿ. ಒಂದೇ ಇದ್ದರೆ ಪಾಸ್. ಎರಡಿದ್ದರೆ ಎಲ್ಲೋ ಒಂದು ಒತ್ತು ಇನ್ನೂ ಒಂಟಿಯಾಗಿದೆ. ಅನ್‌ಡು ಮಾಡಿ ಅಳತೆ ಹೆಚ್ಚಿಸಿ.

ಕೊನೆಗೆ ಗೆರೆಯಲ್ಲಿ ನೋಡ್‌ಗಳು ತೀರಾ ಹೆಚ್ಚಿದ್ದರೆ 'ಸಿಂಪ್ಲಿಫೈ' ಒಂದೇ ಸಲ ಕೊಡಿ. ಜಾಸ್ತಿ ಕೊಟ್ಟರೆ ಆಕಾರವೇ ಸೊಟ್ಟಗಾಗುತ್ತದೆ. ಕಟ್ ಲೈನ್‌ಗೆ ಫಿಲ್ ಬೇಡ, ತೆಳು ಸ್ಟ್ರೋಕ್ ಸಾಕು, ಮತ್ತು ಅದು ಬೇರೆ ಲೇಯರ್‌ನಲ್ಲಿರಲಿ. ಯಾವ ಬಣ್ಣದ ಗೆರೆಯನ್ನು ಅವರ ಯಂತ್ರ ಕತ್ತರಿಸುತ್ತದೆ ಅಂತ ಅಂಗಡಿಯಲ್ಲೇ ಕೇಳಿ. ಹಿನ್ನೆಲೆ ಬಣ್ಣ ಇದ್ದರೆ ಅದನ್ನು ಕಟ್ ಲೈನ್‌ನಿಂದ 2 ಮಿ.ಮೀ. ಆಚೆಗೂ ಹರಡಿ. ಬ್ಲೇಡ್ ಸ್ವಲ್ಪ ಸರಿದರೂ ಬಿಳಿ ಅಂಚು ಕಾಣಲ್ಲ.

ಇದೇ ಗೆರೆಯನ್ನು ಲೇಸರ್‌ನಲ್ಲಿ ಮರದ ಹಲಗೆಗೂ ಬಳಸಬಹುದು. ಅಲ್ಲಿ ಕಿರಣ ಸುಟ್ಟುಹಾಕುವ ಅಗಲವನ್ನೂ ಲೆಕ್ಕಕ್ಕೆ ತಗೊಳ್ಳಿ. ಮೊದಲು ಒಂದು ಸಣ್ಣ ಚೌಕ ಕತ್ತರಿಸಿ ಅಳೆದು ನೋಡೋದು ಒಳ್ಳೇದು.

ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಮಾಡಿದ ಟ್ಯುಟೋರಿಯಲ್‌ಗಳಲ್ಲಿ ಒತ್ತಕ್ಷರದ ಮಾತೇ ಬರಲ್ಲ. 'ಐ' ಮೇಲಿನ ಚುಕ್ಕಿಯಷ್ಟೇ ಅವರಿಗೆ ತಲೆನೋವು. ನಮ್ಮಲ್ಲಿ ಒತ್ತು ಇದೆ, ಸೊನ್ನೆ ಇದೆ, ದೀರ್ಘ ಇದೆ. ಚನ್ನಪಟ್ಟಣ ಸರಿ ಬಂತಾ? ಮುಂದೆ ನಿಮ್ಮೂರಿನ ಹೆಸರು ಟ್ರೈ ಮಾಡಿ, ಎಷ್ಟು ತುಂಡು ಬಂತು ಅಂತ ಎಣಿಸಿ.