ಗುಂ ಎನ್ನುವ ಪೆಟ್ಟಿಗೆ

ನಮ್ಮ ಈಸೂರು ಹೆಸರಾದ ಊರು. 1942ರಲ್ಲಿ ಇಲ್ಲಿನ ಜನ ‘ನಮ್ಮ ಊರು ಸ್ವತಂತ್ರ’ ಎಂದು ಸಾರಿದರು. ಆಗಸ್ಟ್ 15 ಬಂತೆಂದರೆ ಟಿವಿಯಲ್ಲಿ ಕೆಂಪು ಕೋಟೆಯ ಭಾಷಣ ಬರುತ್ತದೆ. ಕೇಳಲು ಕೂತರೆ ಪಕ್ಕದ ಪೆಟ್ಟಿಗೆ ಗುಂ ಗುಂ ಎನ್ನುತ್ತದೆ. ಮಾತು ತಿಳಿಯುವುದಿಲ್ಲ. ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತವೆ.

ಈ ಪೆಟ್ಟಿಗೆಯ ಹೆಸರು ಸಬ್‌ವೂಫರ್. ಡೋಲಿನಂಥ ದಪ್ಪ ಸದ್ದು ಕೊಡುವುದೇ ಇದರ ಕೆಲಸ. ಇದು ತಾನೇ ಕರೆಂಟು ಎಳೆಯುತ್ತದೆ.

‘ಅಮ್ಮಾ, ಅದು ನಿಂಗೆ ಗೊತ್ತಾಗಲ್ಲ, ಬಿಡು’ ಅನ್ನುತ್ತಾನೆ ಮಗ.

‘ಯಾಕೋ? ಗುಂಡಿ ಸುತ್ತ ಇರೋದು ಅಂಕಿ ತಾನೇ? ನಂಗೂ ಓದೋಕೆ ಬರುತ್ತೆ’ ಅನ್ನುತ್ತಾಳೆ ತಾಯಿ.

ತಾಯಿಯ ಮಾತು ಸರಿ. ಅಂಕಿ ಓದಲು ಬಂದರೆ ಸಾಕು. ಬನ್ನಿ, ಕಲಿಯೋಣ.

ಮೊದಲು ಜಾಗ. ಪ್ಲಗ್ ತೆಗೆದ ಮೇಲೆಯೇ ಪೆಟ್ಟಿಗೆ ಸರಿಸಿ. ಒದ್ದೆ ಕೈ ಬೇಡ. ಗೋಡೆಯ ಮೂಲೆಯಲ್ಲಿ ಇಟ್ಟರೆ ಗುಂ ಸದ್ದು ಹೆಚ್ಚುತ್ತದೆ. ಮೂಲೆಯಿಂದ ಸ್ವಲ್ಪ ಈಚೆಗೆ ಇಡಿ. ಪೆಟ್ಟಿಗೆಯ ತೂತನ್ನು ಬಟ್ಟೆಯಿಂದ ಮುಚ್ಚಬೇಡಿ. ಮೇಲೆ ನೀರಿನ ಚೊಂಬು, ಹೂದಾನಿ ಇಡಬೇಡಿ.

ಎರಡನೆಯದು 40, 80, 120 ಎಂದು ಅಂಕಿ ಇರುವ ಗುಂಡಿ. ಇದು ಕ್ರಾಸ್‌ಓವರ್. 80 ಎಂದರೆ ಒಂದು ಸೆಕೆಂಡಿಗೆ 80 ಸಲ ನಡುಗುವ ಸದ್ದು. ಗುಂಡಿಯನ್ನು 80ಕ್ಕೆ ಇಡಿ. ಅದಕ್ಕಿಂತ ದಪ್ಪ ಸದ್ದು ಮಾತ್ರ ಈ ಪೆಟ್ಟಿಗೆಯಿಂದ ಬರುತ್ತದೆ. ಉಳಿದ ಸ್ಪೀಕರುಗಳು ತೀರಾ ಚಿಕ್ಕವಾದರೆ 100 ಅಥವಾ 120ಕ್ಕೆ ಇಡಿ. ಗಂಡಸರ ಮಾತು ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಿದರೆ ಕಡಿಮೆ ಮಾಡಿ. ಕೆಲವು ಪೆಟ್ಟಿಗೆಗಳಲ್ಲಿ ಈ ಗುಂಡಿ ಇರುವುದಿಲ್ಲ.

ಮೂರನೆಯದು 0 ಮತ್ತು 180 ಎಂದಿರುವ ಸ್ವಿಚ್ಚು. ಇದು ಫೇಸ್. ಇದೂ ಎಲ್ಲ ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ನೀವು ಕೂರುವ ಜಾಗದಲ್ಲೇ ಕೂತು ಕೇಳಿ. ಒಬ್ಬರು ಸ್ವಿಚ್ಚು ಬದಲಿಸಲಿ. ಡೋಲು ಯಾವುದರಲ್ಲಿ ತುಂಬಿ ಕೇಳುತ್ತದೋ ಅದನ್ನೇ ಇಡಿ.

ಕೊನೆಗೆ ವಾಲ್ಯೂಮ್. ಪೂರ್ತಿ ಇಳಿಸಿ, ಮೆಲ್ಲಗೆ ಏರಿಸಿ. ಪಲ್ಯದಲ್ಲಿ ಉಪ್ಪು ಇದ್ದ ಹಾಗೆ ಇರಬೇಕು. ಪೆಟ್ಟಿಗೆ ಬೇರೆಯಾಗಿ ಕೇಳಿದರೆ ಹೆಚ್ಚಾಯಿತು ಎಂದು ತಿಳಿಯಿರಿ.

ಹಾಡು ಇಲ್ಲದಾಗಲೂ ಗುಂಯ್ ಎನ್ನುತ್ತದೆಯೇ? ಪ್ಲಗ್ ತೆಗೆದು, ಸಡಿಲವಾದ ವೈರು ಬಿಗಿ ಮಾಡಿ. ಕರೆಂಟಿನ ವೈರನ್ನೂ ಸದ್ದಿನ ವೈರನ್ನೂ ದೂರ ಇಡಿ. ಪ್ಲಗ್ಗಿಗೆ ದಪ್ಪ ಮೂರನೇ ಕಡ್ಡಿ ಇದ್ದರೆ ಅದನ್ನು ಎಂದೂ ಕೀಳಬೇಡಿ. ಅದು ಅರ್ಥಿಂಗ್. ನಮ್ಮ ಜೀವ ಕಾಯುವುದು ಅದೇ.

ಇನ್ನೊಂದು ಮಾತು. ದಪ್ಪ ಸದ್ದು ಗೋಡೆ ದಾಟುತ್ತದೆ. ಬಾಗಿಲು ಹಾಕಿದರೂ ನಿಲ್ಲುವುದಿಲ್ಲ. ಆಚೆ ಮನೆಯಲ್ಲಿ ಬಾಣಂತಿ ಇರಬಹುದು. ಬೆಳಿಗ್ಗೆ ಪರೀಕ್ಷೆ ಬರೆಯುವ ಮಗು ಇರಬಹುದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತಿಗೆ ಮಿತಿ ಇನ್ನೂ ಕಡಿಮೆ. ಜನವಸತಿ ಇರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಈ ಪೆಟ್ಟಿಗೆ ಆರಿಸಿದರೂ ಟಿವಿಯ ಮಾತು ಕೇಳುತ್ತದೆ.

ಹಾಕಿ ನೋಡಿ, ಹೊರಗೆ ಹೋಗಿ ಪಕ್ಕದ ಮನೆ ಜಗಲಿಯಲ್ಲಿ ನಿಂತು ಕೇಳಿ. ಅಲ್ಲಿಗೂ ಗುಂ ಎಂದರೆ ಇನ್ನಷ್ಟು ಇಳಿಸಿ.

ಉತ್ತರ ಹೇಳಿ
1. ಪೆಟ್ಟಿಗೆಯನ್ನು ಮೂಲೆಯಲ್ಲಿ ಇಟ್ಟರೆ ಏನಾಗುತ್ತದೆ?
2. ಮೊದಲು ಯಾವ ಅಂಕಿಗೆ ಗುಂಡಿ ಇಡಬೇಕು?
3. ಪ್ಲಗ್ಗಿನ ಮೂರನೇ ಕಡ್ಡಿಯನ್ನು ಏಕೆ ಕೀಳಬಾರದು?

ಬರೆಯಿರಿ: ಗುಂಡಿ, ಪೆಟ್ಟಿಗೆ, ಸದ್ದು, ಪಕ್ಕದ ಮನೆ.