ಒಲೆಯ ಮುಂದೆಯೂ ದೇವರಿದ್ದಾರೆ



ಬೆಳಿಗ್ಗೆ ಐದೂವರೆಗೆ ಏಳುತ್ತೀರಿ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಸಾರು. ಮಗನ ಒಂದು ಕಾಲುಚೀಲ ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ. ಹಾಸಿಗೆ ಹಿಡಿದ ಅತ್ತೆಯವರಿಗೆ ಗಂಜಿ ಕುಡಿಸಬೇಕು, ಬಸ್ಸಿಗೆ ಓಡಬೇಕು. ರಾತ್ರಿ ಜಪಸರ ಕೈಗೆತ್ತಿಕೊಂಡರೆ ಎರಡನೆಯ ರಹಸ್ಯಕ್ಕೇ ಕಣ್ಣು ಮುಚ್ಚುತ್ತದೆ. “ಇವತ್ತೂ ದೇವರಿಗೆ ಸಮಯ ಕೊಡಲಿಲ್ಲವಲ್ಲ” ಎಂಬ ಕೊರಗಿನಲ್ಲೇ ನಿದ್ದೆ ಹೋಗುತ್ತೀರಿ.

ಈ ಕೊರಗು ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದೇ. ಆದರೆ ಅದರಲ್ಲಿ ಒಂದು ತಪ್ಪು ತಿಳುವಳಿಕೆಯೂ ಸೇರಿದೆ. ದೇವರು ದೇವಾಲಯದಲ್ಲಿ ಮಾತ್ರ ಕಾದಿರುತ್ತಾರೆ, ದಿನದ ಉಳಿದ ಹೊತ್ತೆಲ್ಲ ನಾವು ಅವರಿಂದ ದೂರ ಎಂದುಕೊಳ್ಳುತ್ತೇವೆ.

ಎಮ್ಮಾವು ಊರಿನ ದಾರಿ ಹಿಡಿದ ಇಬ್ಬರು ಶಿಷ್ಯರನ್ನು ನೆನೆಯಿರಿ (ಲೂಕ 24:13-35). ಪುನರುತ್ಥಾನರಾದ ಪ್ರಭು ಪಕ್ಕದಲ್ಲೇ ನಡೆಯುತ್ತಿದ್ದರೂ ಅವರಿಗೆ ಗುರುತು ಸಿಗಲಿಲ್ಲ. ಗುರುತು ಸಿಕ್ಕಿದ್ದು ಊಟದ ಮೇಜಿನಲ್ಲಿ, ರೊಟ್ಟಿ ಮುರಿದಾಗ. ದಾರಿಯುದ್ದಕ್ಕೂ ತಮ್ಮ ಹೃದಯ ಹೇಗೆ ಉರಿಯುತ್ತಿತ್ತೆಂಬುದು ಹಿಂತಿರುಗಿ ನೋಡಿದ ಮೇಲೆಯೇ ಅವರಿಗೆ ಹೊಳೆಯಿತು. ಹಿಂತಿರುಗಿ ನೋಡದಿದ್ದರೆ?

17ನೆಯ ಶತಮಾನದ ಫ್ರಾನ್ಸ್‌ನಲ್ಲಿ ಸಹೋದರ ಲಾರೆನ್ಸ್ ಎಂಬುವರಿದ್ದರು. ಯುದ್ಧದಲ್ಲಿ ಗಾಯಗೊಂಡ ಸೈನಿಕ, ಹೆಚ್ಚು ಓದಿದವರಲ್ಲ. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದರು. ಅವರ ಪಾಲಿಗೆ ಬಂದದ್ದು ಅಡುಗೆಮನೆ. ಗಮನಿಸಿ, ಆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ! ಆದರೂ ಪಾತ್ರೆಗಳ ಸದ್ದಿನ ನಡುವೆ, ಪಕ್ಕದಲ್ಲಿರುವವರೊಡನೆ ಮಾತನಾಡುವಂತೆ ದೇವರೊಡನೆ ಮಾತನಾಡುವ ಅಭ್ಯಾಸ ಮಾಡಿಕೊಂಡರು. ಮನಸ್ಸು ಅಲೆದಾಡಿದಾಗ ತಮ್ಮನ್ನು ಬೈದುಕೊಳ್ಳದೆ ಮೆಲ್ಲನೆ ಹಿಂದಕ್ಕೆ ಕರೆತರುತ್ತಿದ್ದರು. ಅಭ್ಯಾಸ ಸುಲಭವಾಗಿ ಕೈಗೂಡಲಿಲ್ಲ. ಮೊದಲ ಹತ್ತು ವರ್ಷ ಬಹಳ ಕಷ್ಟಪಟ್ಟೆನೆಂದು ಅವರೇ ಬರೆದಿದ್ದಾರೆ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರಗಳನ್ನೂ ಸಂಭಾಷಣೆಗಳನ್ನೂ ಪುಸ್ತಕವಾಗಿ ಪ್ರಕಟಿಸಲಾಯಿತು.

ಇಲ್ಲಿ ನಮಗೊಂದು ಸಮಾಧಾನವಿದೆ. ದೇವರ ಸಾನ್ನಿಧ್ಯವೆಂದರೆ ಸದಾ ಹಿತವಾದ ಭಾವನೆಯಲ್ಲ. ಮೂರನೆಯ ಸಲ ಒದ್ದೆಯಾದ ಹಾಸಿಗೆ ಬದಲಾಯಿಸುವಾಗ ನಿಮಗೆ ಸಿಟ್ಟು ಬರಬಹುದು, ಅಳು ಬರಬಹುದು. ಹಾಗೆಂದು ದೇವರು ಎದ್ದುಹೋಗಿಲ್ಲ. ಆ ಸಿಟ್ಟನ್ನೇ ಅವರ ಮುಂದಿಡಿ: “ಪ್ರಭುವೇ, ನನ್ನಿಂದ ಆಗುತ್ತಿಲ್ಲ.” ಅದೂ ಪ್ರಾರ್ಥನೆಯೇ.

ಹಾಗಾದರೆ ಗುರುತಿಸುವುದನ್ನು ಕಲಿಯುವುದು ಹೇಗೆ? ಲೊಯೋಲಾದ ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಐದು ಹೆಜ್ಜೆಗಳ ಒಂದು ಸರಳ ದಾರಿ ತೋರಿಸಿದ್ದಾರೆ. 1548ರಲ್ಲಿ ಪೋಪ್ ಮೂರನೆಯ ಪೌಲರು ಆ ಪುಸ್ತಕಕ್ಕೆ ಅನುಮೋದನೆ ನೀಡಿದರು. ಮಲಗುವ ಮುನ್ನ ಹತ್ತು ನಿಮಿಷ ಸಾಕು:

1. ಇಂದು ಪಡೆದ ವರಗಳಿಗಾಗಿ ದೇವರಿಗೆ ವಂದನೆ ಸಲ್ಲಿಸಿ. ದೊಡ್ಡದನ್ನೇ ಹುಡುಕಬೇಡಿ, ಬಸ್ಸಿನಲ್ಲಿ ಯಾರೋ ಬಿಟ್ಟುಕೊಟ್ಟ ಸೀಟೂ ವರವೇ.

2. ನಿಮ್ಮನ್ನು ನೀವು ಸರಿಯಾಗಿ ಕಾಣಲು ಬೆಳಕನ್ನು ಬೇಡಿ.

3. ಬೆಳಗಿನಿಂದ ರಾತ್ರಿಯವರೆಗಿನ ದಿನವನ್ನು ಗಂಟೆ ಗಂಟೆಯಾಗಿ ನೆನೆಯಿರಿ. ಎಲ್ಲಿ ಪ್ರೀತಿ ಸಿಕ್ಕಿತು? ಎಲ್ಲಿ ನಾನು ಮುಖ ತಿರುಗಿಸಿದೆ?

4. ತಪ್ಪಿದ್ದಕ್ಕೆ ಕ್ಷಮೆ ಕೇಳಿ.

5. ನಾಳೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯಕ್ಕೆ ಕೃಪೆ ಬೇಡಿ, ಪರಲೋಕ ಪ್ರಾರ್ಥನೆಯೊಂದಿಗೆ ಮುಗಿಸಿ.

ಮಕ್ಕಳಿರುವ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳಬಹುದು: “ಇವತ್ತು ನಿನಗೆ ಯಾರು ಒಳ್ಳೆಯದು ಮಾಡಿದರು?” ಉತ್ತರ ಬರದಿದ್ದರೆ ಒತ್ತಾಯ ಬೇಡ. ಮೊದಲು ನೀವು ಹೇಳಿ.

ಈ ವಾರದ ಸಂಕಲ್ಪ: ಪ್ರತಿದಿನ ನಿಮಗೆ ಅತಿ ಬೇಸರ ತರಿಸುವ ಕೆಲಸವೊಂದನ್ನು ಆರಿಸಿಕೊಳ್ಳಿ. ಅದನ್ನು ಆರಂಭಿಸುವ ಮುನ್ನ ಶಿಲುಬೆಯ ಗುರುತು ಹಾಕಿ, “ಪ್ರಭುವೇ, ಜೊತೆಗಿರಿ” ಎನ್ನಿ. ಏಳು ದಿನ ಮಾಡಿ ನೋಡಿ.